ಸ್ಕ್ವಾಷ್ ಪುಡಿಯಲ್ಲಿ ತೊಳೆದ ರೋಲು

ಪಾಳ್ಯದ ದೇವೇಂದ್ರ ಸಕಲೇಶಪುರದ ಫೋಟೊ ಸ್ಟುಡಿಯೋದ ಮೆಟ್ಟಿಲು ಹತ್ತಿ ಬಂದಾಗ ಸುಲೋಚನಮ್ಮ ಗಂಡನ ಎಡಗಣ್ಣಿಗೆ ಹನಿ ಔಷಧ ಬಿಡುತ್ತಿದ್ದಳು. ಪೊರೆ ತೆಗೆಸಿಕೊಂಡು ಇನ್ನೂ ವಾರ ಕಳೆದಿರಲಿಲ್ಲ. ಶಾಂತಮಲ್ಲಪ್ಪ ಕುರ್ಚಿಯ ಬೆನ್ನಿಗೆ ತಲೆಯಾನಿಸಿ ಬಾಯಿ ತೆರೆದುಕೊಂಡು ಕೂತಿದ್ದ. ಕಣ್ಣಿಗೆ ಬಿಡುವ ಔಷಧಕ್ಕೆ ಬಾಯಿ ಯಾಕೆ ತೆರೆಯಬೇಕು ಅಂತ ಅವಳಿಗೆ ದಿನವೂ ನಗು ಬರುತ್ತಿತ್ತು. ಆ ಭಾನುವಾರ ಬೆಳಿಗ್ಗೆ ನಗುವ ಮೊದಲೇ ಬಾಗಿಲಲ್ಲಿ ನಿಂತವನ ಮುಖ ಕಾಣಿಸಿತು. ಕೆದರಿದ ಕೂದಲು, ಪ್ಯಾಂಟಿನ ಮೊಣಕಾಲವರೆಗೂ ಕೆಸರು, ಕಂಕುಳಲ್ಲಿ ದಪ್ಪನೆಯದೊಂದು ಆಲ್ಬಮ್ಮು.

"ಅಕ್ಕಾ, ನಮ್ಮವ್ವ ಕಾಣ್ತಿಲ್ಲ" ಅಂದ ಅವನು.

ಸುಲೋಚನಮ್ಮ ಔಷಧದ ಸೀಸೆಗೆ ಮುಚ್ಚಳ ತಿರುಗಿಸಿ ಅವನನ್ನು ಬೆಂಚಿನ ಮೇಲೆ ಕೂರಿಸಿದಳು. ಅವನು ಕೂತ ಹಾಗೆ ಮಾಡಿ ಮತ್ತೆ ಎದ್ದು ನಿಂತ. ತಾಯಿ ದೇವೀರಮ್ಮನಿಗೆ ಒಂದು ವರ್ಷದಿಂದ ಮರೆವು ಹತ್ತಿತ್ತು. ಬೆಳಿಗ್ಗೆ ಎದ್ದರೆ ಸೊಸೆಯನ್ನೇ ನೋಡಿ "ಯಾರ ಮಗಳವ್ವ ನೀನು?" ಅಂತ ಕೇಳುವಷ್ಟು. ನಿನ್ನೆ ಮಧ್ಯಾಹ್ನ ಎಲ್ಲರೂ ಕಾಫಿ ಕುಯ್ಲಿಗೆ ಹೋಗಿದ್ದಾಗ ಮನೆಯಿಂದ ಹೊರಟುಬಿಟ್ಟಿದ್ದಳು. ಪಾಳ್ಯದ ಬಸ್ ಸ್ಟಾಪಿನಲ್ಲಿ ಸಕಲೇಶಪುರದ ಕಡೆಯ ಬಸ್ಸು ಹತ್ತಿದ್ದನ್ನು ಯಾರೋ ನೋಡಿದ್ದರು. ಅಲ್ಲಿಂದ ಮುಂದಕ್ಕೆ ಸುಳಿವಿಲ್ಲ.

"ಬಿಳಿ ಕೂದ್ಲು, ಹಸಿರು ಸೀರೆ, ಸಣ್ಣಕವ್ಳೆ ಅಂತ ಕಂಡಕಂಡೋರ್ನೆಲ್ಲ ಕೇಳ್ದೆ ಅಕ್ಕಾ. ಮಾರನಹಳ್ಳಿ ಟೀ ಅಂಗ್ಡಿಯೋನು, ಹೂಂ, ಅಂತಾ ಅಜ್ಜಿ ಘಾಟಿ ಕಡೀಕೆ ನಡ್ಕೊಂಡು ಹೋಯ್ತು ಅಂದ. ಜೀಪ್ ಮಾಡ್ಕೊಂಡು ಓಡಿದ್ವಿ. ಹೋಗಿ ನೋಡಿದ್ರೆ ಯಾರ್ದೋ ಬೇರೆ ಅಜ್ಜಿ. ಸೌದೆ ಹೊರೆ ಹೊತ್ಕೊಂಡು ಮನೀಗೆ ಹೋಗ್ತಾ ಐತೆ. ಬಿಳಿ ಕೂದ್ಲಿನ ಅಜ್ಜೀರು ಊರ ತುಂಬ ಅವ್ರೆ. ಪೊಲೀಸ್ನೋರು, ಫೋಟೊ ತಂದ್ಕೊಡಪ್ಪ, ಎಲ್ಲಾ ಕಡೆಗೂ ಕಳಿಸ್ತೀವಿ ಅಂದ್ರು."

ಆಲ್ಬಮ್ಮು ಅವನ ಮದುವೆಯದು. ಸುಲೋಚನಮ್ಮ ಹಾಳೆ ಮಗುಚಿದಳು. ಧಾರೆಯ ಫೋಟೊದಲ್ಲಿ ದೇವೀರಮ್ಮನ ಮೊಣಕೈ ಮಾತ್ರ ಇತ್ತು. ಇನ್ನೊಂದರಲ್ಲಿ ಸೆರಗು ಮುಖದ ಮುಂದಿತ್ತು. ಮತ್ತೊಂದರಲ್ಲಿ ಬೀಗರ ಪೇಟದ ಹಿಂದಿನಿಂದ ಬೈತಲೆಯಷ್ಟೇ ಕಾಣುತ್ತಿತ್ತು. ಫೋಟೊ ತೆಗೆಸಿಕೊಂಡರೆ ಆಯಸ್ಸು ಕಡಿಮೆಯಾಗುತ್ತದೆ ಎಂದು ನಂಬಿದ್ದ ಕಾಲದ ಹೆಂಗಸು.

"ಅಣ್ಣ ಮೊನ್ನೆ ನಮ್ಮೂರಿಗೆ ಬಂದು ಮುದುಕರಿಗೆಲ್ಲ ಪಿಂಚಣಿ ಫೋಟೊ ತೆಗುದ್ರಲ್ಲ, ಅವ್ವಂದೂ ತೆಗುದ್ರು. ಅದುನ್ನೊಂದು ಕೊಟ್ಬಿಡಿ" ಅಂದ ದೇವೇಂದ್ರ.

ಶಾಂತಮಲ್ಲಪ್ಪ ನೆಟ್ಟಗೆ ಕೂತ. "ತೆಗ್ದಿದೀನಿ ಕಣೋ. ಹಲಸಿನ ಮರದ ಕೆಳ್ಗೆ ಸ್ಟೂಲ್ ಹಾಕಿ ಕೂರಿಸ್ದೆ. ಸೆರಗು ಎಳ್ಕಳಕೆ ಹೋಯ್ತು. ಅಜ್ಜೀ, ಸರ್ಕಾರದೋರು ಮುಖ ನೋಡ್ಬೇಕಂತೆ ಅಂದೆ. ಆಗ ನೋಡ್ತು ನೋಡು ಕ್ಯಾಮೆರಾನ, ನೆಟ್ಟಗೆ." ಅಷ್ಟು ಹೇಳಿ ಅವನ ದನಿ ಇಳಿಯಿತು. "ಆದ್ರೆ ರೋಲು ಇನ್ನೂ ಕ್ಯಾಮೆರಾದೊಳ್ಗೇ ಐತೆ. ಮುಗಿದಿರ್ಲಿಲ್ಲ. ಅಷ್ಟ್ರಲ್ಲಿ ಕಣ್ಣಾಸ್ಪತ್ರೆಗೆ ಕರೆದ್ರು."

"ಹಾಸನದ ಲ್ಯಾಬಿಗೆ ತಗೊಂಡೋಗ್ಲ ಅಣ್ಣ?"

"ಇವತ್ತು ಬಾಗ್ಲು ತೆಗಿಯಲ್ಲ. ತೆಗುದ್ರೂ ಅಲ್ಲಿರೋದು ಕಲರ್ ಮಿಷನ್ನು. ಇದು ಕಪ್ಪು ಬಿಳುಪಿನ ರೋಲು. ಬೆಂಗ್ಳೂರಿಗೆ ಕಳ್ಸಿ ತರಿಸ್ಬೇಕು ಅಂದ್ರೆ ನಾಕು ದಿನ."

ನಾಲ್ಕು ದಿನ ಎಂದದ್ದಕ್ಕೆ ದೇವೇಂದ್ರ ಗೋಡೆ ಹಿಡಿದುಕೊಂಡ. ನವೆಂಬರಿನ ಚಳಿ, ಸಂಜೆ ಆರಕ್ಕೆಲ್ಲ ಮಂಜು ಇಳಿಯುವ ಊರುಗಳು, ತೋಟಗಳಿಗೆ ಆನೆ ನುಗ್ಗುವ ಕಾಲ.

"ನಾನೇ ತೊಳಿತೀನಿ" ಅಂದಳು ಸುಲೋಚನಮ್ಮ.

ಇಪ್ಪತ್ತು ವರ್ಷಗಳಿಗೂ ಮೇಲ್ಪಟ್ಟು ಅವಳು ಕತ್ತಲೆ ಕೋಣೆಯಲ್ಲಿ ಗಂಡನ ಜೊತೆ ದುಡಿದಿದ್ದಳು. ರೋಲನ್ನು ಕತ್ತಲಲ್ಲಿ ಸುರುಳಿಗೆ ಸುತ್ತುವುದು, ತೊಳೆಯುವುದು, ಒಣಹಾಕುವುದು, ಪ್ರಿಂಟು ಹಾಕುವುದು ಎಲ್ಲ ಅವಳ ಕೈಗೆ ಬಂದಿತ್ತು. ಆದರೆ ಚಿತ್ರ ಮೂಡಿಸುವ ಡೆವಲಪರ್ ದ್ರಾವಣ ಕಲಸುವುದು ಮಾತ್ರ ಶಾಂತಮಲ್ಲಪ್ಪನ ಕೆಲಸ. ಎಲ್ಲರೂ ಕಲರಿಗೆ ಹೋದ ಮೇಲೆ ಸಿದ್ಧ ಪೊಟ್ಟಣ ಸಕಲೇಶಪುರಕ್ಕೆ ಬರುವುದು ನಿಂತಿತ್ತು. ಅವನು ಬಿಡಿ ಬಿಡಿ ರಾಸಾಯನಿಕ ತರಿಸಿ, ಪುಟ್ಟ ತಕ್ಕಡಿಯಲ್ಲಿ ತೂಗಿ ತಾನೇ ಕಲಸುತ್ತಿದ್ದ. ಅದರ ಲೆಕ್ಕ ಅವಳಿಗೂ ಬಾಯಿಪಾಠವಾಗಿತ್ತು. ಕಣ್ಣಿನ ಡಾಕ್ಟರು, ಬಗ್ಗಬೇಡಿ, ಘಾಟು ಕುಡಿಯಬೇಡಿ ಎಂದು ಅವನಿಗೆ ಕಟ್ಟಪ್ಪಣೆ ಮಾಡಿದ್ದರು. ಹಾಗಾಗಿ ಕತ್ತಲೆ ಕೋಣೆಗೆ ಅವನು ಕಾಲಿಡುವಂತಿರಲಿಲ್ಲ.

ಅವಳು ಕಪಾಟು ತೆಗೆದಳು. ಮೆಟೋಲು, ಹೈಡ್ರೋಕ್ವಿನೋನು ಕಂದು ಸೀಸೆಗಳಲ್ಲಿ ಸರಿಯಾಗಿದ್ದವು. ಚಿತ್ರ ಹೊರಡಿಸುವುದು ಅವೆರಡೇ. ಬಿಳಿಗಾರ ಇತ್ತು. ಮೂಡಿದ ಚಿತ್ರವನ್ನು ಅಳಿಯದಂತೆ ನಿಲ್ಲಿಸುವ ಹೈಪೋ ಬೇಕಾದಷ್ಟಿತ್ತು. ಕೆಳಗಿನ ಅಂಕಣದಲ್ಲಿ ಸೋಡಿಯಂ ಸಲ್ಫೈಟಿನ ಡಬ್ಬಿ. ಎತ್ತಿದರೆ ಮುಚ್ಚಳ ಕೈಗೇ ಬಂತು. ಒಳಗಿನ ಪುಡಿ ಮಳೆಗಾಲದ ತೇವ ಕುಡಿದು ಬೆಲ್ಲದಚ್ಚಿನಂತೆ ಗಟ್ಟಿಯಾಗಿ ಕೂತಿತ್ತು.

"ರೀ, ಸಲ್ಫೈಟ್ ಕಲ್ಲಾಗ್ಬುಟ್ಟೈತೆ."

"ಕುಟ್ಟಿ ಹಾಕೇ."

"ಹಾಕಿ ಆಮೇಲೆ ಕೆಟ್ರೆ?"

ಶಾಂತಮಲ್ಲಪ್ಪ ಡಬ್ಬಿಯನ್ನು ಬೆರಳಲ್ಲಿ ತಟ್ಟಿ ನೋಡಿದ. ಡೆವಲಪರಿನಲ್ಲಿ ಎಲ್ಲಕ್ಕಿಂತ ಹೆಚ್ಚು ಬೀಳುವುದೇ ಸಲ್ಫೈಟು. ಉಳಿದೆರಡನ್ನು ಗಾಳಿಯಿಂದ ಕಾಯುವುದು ಅದು. ಅದಿಲ್ಲದಿದ್ದರೆ ನೋಡನೋಡುತ್ತಲೇ ದ್ರಾವಣ ಟೀ ಬಣ್ಣಕ್ಕೆ ತಿರುಗಿ, ಫಿಲ್ಮಿಗೂ ಕಲೆ ಹಿಡಿಸಿ ಕೂರುತ್ತದೆ.

ಅಷ್ಟರಲ್ಲಿ ಮೇಲಿನ ಮನೆಯಿಂದ ಜಗದಾಂಬ ಮೇಡಂ ಪೇಪರು ತೆಗೆದುಕೊಳ್ಳಲು ಇಳಿದು ಬಂದರು. ಕಾಲೇಜಿನಲ್ಲಿ ಮೂವತ್ತು ವರ್ಷ ರಸಾಯನಶಾಸ್ತ್ರ ಹೇಳಿ ನಿವೃತ್ತರಾದವರು, ಒಂಟಿ ಜೀವ. ಸ್ಟುಡಿಯೋದ ಮೇಲೆಯೇ ಬಾಡಿಗೆಗಿದ್ದರೂ ಕತ್ತಲೆ ಕೋಣೆಯೊಳಗೆ ಒಮ್ಮೆಯೂ ಹೊಕ್ಕಿರಲಿಲ್ಲ. ಮೂವರ ಮುಖ ನೋಡಿ ಏನಾಯಿತೆಂದು ಕೇಳಿದರು. ಸುಲೋಚನಮ್ಮ ಹೇಳಿದಳು. ಮೇಡಂ ಡಬ್ಬಿಯನ್ನು ಮೂಗಿನ ಹತ್ತಿರ ಹಿಡಿದು, ಒಂದು ಚೂರು ಕೆರೆದು, "ಒಂದು ನಿಂಬೆಹಣ್ಣು ಕೊಡಿ" ಅಂದರು.

ನಿಂಬೆರಸ ಬಿಟ್ಟು ಇಬ್ಬರೂ ಮೂಸಿದರು. ಏನೂ ಇಲ್ಲ.

"ಸಲ್ಫೈಟ್ ಆಗಿದ್ದಿದ್ರೆ ಬೆಂಕಿಕಡ್ಡಿ ಗೀರಿದ ಹಾಗೆ ಮೂಗಿಗೆ ಹೊಡೀಬೇಕಿತ್ತು. ಗಾಳಿ ಕುಡಿದು ಕುಡಿದು ಇದು ಬೇರೆಯೇ ಉಪ್ಪಾಗಿ ಕೂತಿದೆ, ಸುಲೋಚನಮ್ಮ. ಇದನ್ನ ನಂಬ್ಕೊಂಡು ಕೂತ್ರೆ ಆಗಲ್ಲ." ಅವರು ಡಬ್ಬಿಯನ್ನು ಪಕ್ಕಕ್ಕಿಟ್ಟರು. "ನನ್ನ ಹತ್ರ ಇದರ ನೆಂಟ ಒಬ್ಬ ಇದಾನೆ. ಕಿತ್ತಳೆ ಸ್ಕ್ವಾಷ್ ಕೆಡದೇ ಇರ್ಲಿ ಅಂತ ಹಾಕ್ತೀನಲ್ಲ, ಆ ಬಿಳಿ ಪುಡಿ. ಈ ವರ್ಷದ ಹಣ್ಣಿಗೆ ಅಂತ ಹೊಸ ಸೀಸೆ ತಂದಿಟ್ಟಿದೀನಿ, ಇನ್ನೂ ಒಡೆದಿಲ್ಲ. ಅದೂ ಗಂಧಕದ ಮನೆತನದ್ದೇ, ಆದ್ರೆ ಸ್ವಭಾವ ಹುಳಿ. ವಾಷಿಂಗ್ ಸೋಡ ಹಾಕಿ ಹುಳಿ ಮುರಿದ್ರೆ ಸಲ್ಫೈಟೇ ಆಗುತ್ತೆ."

"ಮೇಡಮ್ಮೋರೆ, ಜ್ಯೂಸಿಗೆ ಹಾಕೋದ್ನ ಯಾರಾದ್ರೂ ಫಿಲ್ಮಿಗೆ ಹಾಕ್ತಾರ?" ಶಾಂತಮಲ್ಲಪ್ಪ ಎದ್ದೇ ನಿಂತ. "ಇದು ಸಾರಲ್ಲ, ಉಪ್ಪು ಹೆಚ್ಚಾದ್ರೆ ನೀರು ಬೆರೆಸಕೆ. ಒಂದ್ಸಲ ಕೆಟ್ರೆ ಕೆಟ್ಟಂಗೇ. ಆ ಅಜ್ಜಿ ಮುಖ ಇರೋದು ಲೋಕದಲ್ಲಿ ಅದೊಂದೇ ಕಡೆ."

"ನೀವು ಹೇಳೋದು ಸರಿ. ನಾನು ಪುಸ್ತಕದಲ್ಲಿ ಇರೋದು ಹೇಳ್ಬಲ್ಲೆ, ಫಿಲ್ಮಿನ ಭರವಸೆ ಕೊಡಲಾರೆ" ಅಂದರು ಮೇಡಂ.

ದೇವೇಂದ್ರ ಒಬ್ಬೊಬ್ಬರ ಮುಖವನ್ನೂ ನೋಡಿದ. "ಮಾಡಿ ಅಕ್ಕಾ" ಅಂದ. "ಕೆಟ್ರೆ ನಾನೇನೂ ಅನ್ನಕ್ಕಿಲ್ಲ."

ಆ ಮಾತು ಸುಲೋಚನಮ್ಮನಿಗೆ ಬೈದದ್ದಕ್ಕಿಂತ ಹೆಚ್ಚು ಭಾರವಾಯಿತು. ಅವಳು ಗಂಡನ ಕಡೆ ತಿರುಗಿದಳು. ಅವನು ಪೊರೆ ತೆಗೆಸಿದ ಕಣ್ಣನ್ನು ಅಂಗೈಯಲ್ಲಿ ಮುಚ್ಚಿಕೊಂಡು ಯೋಚಿಸುತ್ತಿದ್ದ.

"ರೋಲಿನ ತುದೀಲಿ ಖಾಲಿ ಜಾಗ ಐತಲ್ಲ" ಅಂದ ಕೊನೆಗೆ. "ಅದ್ರಲ್ಲಿ ಏನಾದ್ರೂ ತೆಗಿ. ಕತ್ತಲೇಲಿ ಆ ತುಂಡು ಮಾತ್ರ ಕತ್ತರಿಸ್ಕೊಂಡು ಮೊದ್ಲು ಅದುನ್ನ ತೊಳ್ದು ನೋಡು. ಅದು ಬಂದ್ರೆ ಉಳಿದಿದ್ದು. ಬರ್ಲಿಲ್ಲ ಅಂದ್ರೆ ರೋಲು ಮುಟ್ಟೋದೇ ಬ್ಯಾಡ, ಬೆಂಗ್ಳೂರಿಗೇ ಕಳ್ಸಣ."

ಸುಲೋಚನಮ್ಮ ಕ್ಯಾಮೆರಾ ಎತ್ತಿಕೊಂಡಳು. ಮೇಡಂ ಅವರನ್ನು ಬಾಗಿಲ ಬೆಳಕಿಗೆ ನಿಲ್ಲಿಸಿ, ರೋಲು ಮುಗಿಯುವ ತನಕ ಅವರದೇ ಫೋಟೊ ತೆಗೆದಳು. ಪೊಲೀಸರಿಗೆ ಇನ್ನೊಮ್ಮೆ ಹೇಳಿ ಬರುತ್ತೇನೆಂದು ದೇವೇಂದ್ರ ಠಾಣೆಯ ಕಡೆ ಹೋದ.

ಅಡುಗೆಮನೆಯ ಕಟ್ಟೆಯ ಮೇಲೆ ಕಲಸುವ ಕೆಲಸ ಶುರುವಾಯಿತು. ಮೇಡಂ ಪೇಪರಿನ ಅಂಚಿನಲ್ಲಿ ಲೆಕ್ಕ ಹಾಕಿ ಹೇಳಿದಷ್ಟನ್ನು ಸುಲೋಚನಮ್ಮ ತೂಗಿದಳು. ಬೆಚ್ಚಗಿನ ನೀರಿಗೆ ಮೊದಲು ಮೆಟೋಲು, ಆಮೇಲೆ ಸ್ಕ್ವಾಷ್ ಪುಡಿ. ಬಟ್ಟೆ ಒಗೆಯಲು ತಂದಿಟ್ಟಿದ್ದ ವಾಷಿಂಗ್ ಸೋಡ ಬೀಳುತ್ತಿದ್ದಂತೆ ಪಾತ್ರೆ ಭುಸ್ಸೆಂದು ನೊರೆಯೆದ್ದು ಉಕ್ಕಿತು. ಇಬ್ಬರೂ ಹಿಂದಕ್ಕೆ ಹಾರಿದರು.

"ಇದು ಒಳ್ಳೇದೇ" ಅಂದರು ಮೇಡಂ. "ಹುಳಿ ಮುರೀತಾ ಇದೆ."

ನೊರೆ ಅಡಗಿದ ಮೇಲೆ ಹೈಡ್ರೋಕ್ವಿನೋನು, ಬಿಳಿಗಾರ ಎಲ್ಲ ಹಾಕಿ ಕದಡಿ, ಬಟ್ಟೆಯಲ್ಲಿ ಸೋಸಿ, ಕತ್ತಲೆ ಕೋಣೆಗೆ ಒಯ್ದರು. ಮೇಡಂ ಕೂಡ ಒಳಗೆ ಬಂದು ಮೂಲೆಯಲ್ಲಿ ನಿಂತರು. ಸುಲೋಚನಮ್ಮ ದೀಪ ಆರಿಸಿ, ಕ್ಯಾಮೆರಾದ ಹಿಂಬದಿ ತೆಗೆದು, ಕೊನೆಯದಾಗಿ ತೆಗೆದಿದ್ದ ಭಾಗವನ್ನು ಬೆರಳಲ್ಲೇ ಅಳೆದು ಕತ್ತರಿಸಿ ಎರಡು ತುಂಡು ಮಾಡಿದಳು. ಇನ್ನೊಂದು ತುಂಡನ್ನೂ ಉಳಿದ ರೋಲನ್ನೂ ಬೆಳಕು ಹೋಗದ ಡಬ್ಬಿಗೆ ಸೇರಿಸಿ ಅದರ ಮೇಲೊಂದು ಟವೆಲ್ಲನ್ನೂ ಸುತ್ತಿದಳು. ಒಂದು ತುಂಡನ್ನು ದ್ರಾವಣಕ್ಕಿಳಿಸಿದಳು. ಹೊರಗಿನಿಂದ ಶಾಂತಮಲ್ಲಪ್ಪ ಗಡಿಯಾರ ನೋಡಿಕೊಂಡು ಕೂಗಿದ ಮೇಲೆ ತೆಗೆದು ಹೈಪೋಗೆ ಹಾಕಿದಳು. ದೀಪ ಹಾಕಿ ಎತ್ತಿ ಹಿಡಿದರೆ, ಫಿಲ್ಮು ಬರೀ ಗಾಜಿನಂತಿತ್ತು. ಚಿತ್ರದ ನೆರಳೂ ಇಲ್ಲ.

"ಏನಾಯ್ತೇ?" ಹೊರಗಿನಿಂದ ಗಂಡನ ದನಿ.

"ಏನೂ ಬಂದಿಲ್ಲ ರೀ" ಅಂದಳು ಅವಳು. ಮೊದಲೇ ರೋಲನ್ನೆಲ್ಲ ಇಳಿಸಿಬಿಟ್ಟಿದ್ದರೆ! ಆ ಅಜ್ಜಿಯ ಮುಖ ಹೀಗೇ ನೀರಿನಂತೆ ಹರಿದುಹೋಗುತ್ತಿತ್ತಲ್ಲ ಎಂದುಕೊಂಡಳು. ಮೇಡಂ ಮುಖವೂ ಸಪ್ಪಗಾಗಿತ್ತು.

ಸುಲೋಚನಮ್ಮ ಪಾತ್ರೆಯತ್ತ ಬಗ್ಗಿ ಮೂಸಿದಳು. ಬೆಂಕಿಕಡ್ಡಿಯ ಘಾಟು ಇನ್ನೂ ಹೊಡೆಯುತ್ತಿತ್ತು. ಎರಡು ಬೆರಳು ಅದ್ದಿ ಉಜ್ಜಿ ನೋಡಿದಳು. ಗಂಡ ಕಲಸಿದ ಡೆವಲಪರು ಸಾಬೂನು ನೀರಿನ ಹಾಗೆ ನುಣ್ಣಗೆ ಜಾರುತ್ತದೆ. ಇದು ಬರೀ ನೀರಿನ ಹಾಗಿತ್ತು.

"ಮೇಡಂ, ಹುಳಿ ಇನ್ನೂ ಮುರಿದಿಲ್ವೇನೋ. ಜಾರ್ತಾನೇ ಇಲ್ಲ ಇದು."

ಮೇಡಂ ಅಡುಗೆಮನೆಗೆ ಹೋಗಿ ಅರಿಶಿನ ತಂದು, ನೀರಲ್ಲಿ ಕಲಸಿ, ಕಾಗದದ ಚೂರಿಗೆ ಹಚ್ಚಿ, ಅದರ ಮೇಲೆ ದ್ರಾವಣದ ಹನಿ ಬಿಟ್ಟರು. ಅರಿಶಿನ ಹಳದಿಯಾಗಿಯೇ ಉಳಿಯಿತು. ಸೋಡದ ನೀರು ಬಿದ್ದರೆ ಅರಿಶಿನ ಕೆಂಪಗಾಗಬೇಕು, ಆರತಿಯ ಓಕುಳಿಯ ಹಾಗೆ. ಅವರು ಸೋಡದ ಪೊಟ್ಟಣ ಎತ್ತಿ ಬೆಳಕಿಗೆ ಹಿಡಿದರು. ಕಲ್ಲುಸಕ್ಕರೆಯಂಥ ಹರಳುಗಳು ಮಿನುಗಿದವು.

"ಅಯ್ಯೋ, ನನ್ನ ತಪ್ಪು!" ಅಂದರು ಹಣೆ ಮುಟ್ಟಿಕೊಂಡು. "ನಾನು ಒಣ ಪುಡಿಗೆ ಲೆಕ್ಕ ಹಾಕ್ದೆ. ಇದು ಹರಳು ಸೋಡ. ಇದರಲ್ಲಿ ಅರ್ಧಕ್ಕಿಂತ ಜಾಸ್ತಿ ನೀರೇ ಕೂತಿರುತ್ತೆ. ಈಗ ಹಾಕಿದ್ದರ ಎರಡರಷ್ಟು ಇನ್ನೂ ಬೇಕು."

"ಮತ್ತೆ ಇದನ್ನ ಚೆಲ್ಬೇಕಾ?"

"ಬೇಡ ಬೇಡ. ಇದಕ್ಕೇ ಹಾಕ್ತಾ ಹೋಗೋಣ. ಅರಿಶಿನ ಕೆಂಪಗಾಗೋ ತನಕ."

ಚಮಚ ಚಮಚವಾಗಿ ಹಾಕಿದರು. ಒಂದೊಂದು ಚಮಚಕ್ಕೂ ಪಾತ್ರೆ ಉಸ್ಸೆಂದು ಉಸಿರು ಬಿಟ್ಟಿತು. ಆಮೇಲೆ ನೊರೆ ಬರುವುದು ನಿಂತಿತು. ಘಾಟೂ ಹೋಯಿತು. ಇನ್ನೊಂದಿಷ್ಟು ಹಾಕಿ ಹನಿ ಬಿಟ್ಟಾಗ ಅರಿಶಿನದ ಕಾಗದ ಅಲ್ಲಿಗಲ್ಲೇ ಕೆಂಪಾಯಿತು. ಸುಲೋಚನಮ್ಮ ಬೆರಳು ಅದ್ದಿ ಉಜ್ಜಿದಳು. ಜಾರಿತು.

"ಇದು ನಮ್ಮನೆ ಡೆವಲಪರು" ಅಂದಳು.

ಎರಡನೆಯ ತುಂಡು ಹೈಪೋದಿಂದ ಹೊರಗೆ ಬಂದಾಗ ಅದರ ತುಂಬ ಮಸಿ ಬಳಿದ ಹಾಗೆ ಚಿತ್ರವಿತ್ತು. ಬಾಗಿಲಲ್ಲಿ ನಿಂತ ಮೇಡಂ. ಬಿಳಿಗೂದಲು ಕಪ್ಪಾಗಿ, ಕಪ್ಪು ಕನ್ನಡಕದ ಚೌಕಟ್ಟು ಬೆಳ್ಳಗಾಗಿ. ತಮ್ಮ ಮುಖವನ್ನೇ ತಾವು ಗುರುತು ಹಿಡಿಯದೆ ಮೇಡಂ ಕಣ್ಣು ಕಿರಿದು ಮಾಡಿದರು. ಸುಲೋಚನಮ್ಮ ಹೊರಗೋಡಿ ಗಂಡನ ಒಳ್ಳೆಯ ಕಣ್ಣಿನ ಮುಂದೆ ಹಿಡಿದಳು. ಅವನು ಕಿಟಕಿಯ ಕಡೆ ತಿರುಗಿ ಹಿಂದೆ ಮುಂದೆ ಮಾಡಿ ನೋಡಿದ.

"ಸ್ವಲ್ಪ ಜಾಸ್ತಿಯಾಗೈತೆ. ಸೋಡ ಚುರುಕೈತೆ. ಹೊತ್ತು ಕಡಿಮೆ ಮಾಡು. ಆದ್ರೆ ಬಂದೈತೆ ಕಣೇ, ಬಂದೈತೆ!" ಕಣ್ಣೀರು ಬರಬಾರದು ಅಂತಲೂ ಡಾಕ್ಟರು ಹೇಳಿದ್ದರೇನೋ, ಅವನು ತಟ್ಟನೆ ಮೇಲೆ ನೋಡಿದ.

ಅಷ್ಟು ಹೊತ್ತಿಗೆ ದೇವೇಂದ್ರ ಬರಿಗೈಯಲ್ಲಿ ವಾಪಸು ಬಂದು ಹೊರಗಿನ ಬೆಂಚಿನ ಮೇಲೆ ಕೂತಿದ್ದ.

ಈಗ ರೋಲು. ಕತ್ತಲಲ್ಲಿ ಸುರುಳಿಗೆ ಸುತ್ತುವಾಗ, ಸಾವಿರ ಸಲ ಮಾಡಿದ ಕೆಲಸದಲ್ಲೇ ಅವಳ ಬೆರಳು ತಡವರಿಸಿತು. ಫಿಲ್ಮು ಒಂದು ಕಡೆ ಸಿಕ್ಕಿಕೊಂಡಿತು. ಬಿಚ್ಚಿ ಮತ್ತೆ ಸುತ್ತಿದಳು. ಹಿಂದೆ ಎಲ್ಲೋ ಮೇಡಂ ಉಸಿರಾಡುವ ಸದ್ದು ಮಾತ್ರ ಇತ್ತು. ಹೊರಗಡೆ ಶಾಂತಮಲ್ಲಪ್ಪ ದೇವೇಂದ್ರನನ್ನು ಮಾತಿಗೆ ಎಳೆಯುತ್ತಿದ್ದ. ಈ ಸಲ ಕಾಫಿ ಹೆಂಗೋ ಮಾರಾಯ, ಆನೆ ಬಂದಿತ್ತೇನೋ ಅಂತ ಕೇಳಲು ಹೋಗಿ, ಆನೆಯ ಮಾತು ತೆಗೆಯಬಾರದಿತ್ತೆಂದು ಅವನಿಗೆ ಹೊಳೆದಿರಬೇಕು. ಮಾತು ಅರ್ಧಕ್ಕೇ ನಿಂತಿತು. ಟ್ಯಾಂಕಿನ ಮುಚ್ಚಳ ಬಿಗಿದು ಅವಳು ದ್ರಾವಣ ಸುರಿದಳು. ಅಲುಗಿಸಿದಳು, ಇಟ್ಟಳು. ಮತ್ತೆ ಅಲುಗಿಸಿದಳು. ಬಸವಣ್ಣಾ, ಒಂದು ಮುಖ ಕೊಡಪ್ಪ ಅಂತ ಮನಸ್ಸಿನಲ್ಲೇ ಕೇಳಿಕೊಂಡಳು.

ಹೈಪೋ ಮುಗಿದು ಮುಚ್ಚಳ ತೆಗೆದು ಸುರುಳಿ ಬಿಚ್ಚಿದಳು. ಒಬ್ಬರ ಪಕ್ಕ ಒಬ್ಬರಂತೆ ಪಾಳ್ಯದ ಮುದುಕ ಮುದುಕಿಯರೆಲ್ಲ ಸಾಲಾಗಿ ಇಳಿದರು. ಪೇಟದವರು, ಬೊಕ್ಕತಲೆಯವರು, ಹಲ್ಲಿಲ್ಲದ ಬಾಯಿಯವರು. ಅಂಚಿನಲ್ಲಿ ಸ್ವಲ್ಪ ಮಬ್ಬಿತ್ತು, ಅದೇನೂ ದೊಡ್ಡದಲ್ಲ. ನಡುವಿಗೆ ಹತ್ತಿರ ಮೂಗುಬೊಟ್ಟಿನ ಒಬ್ಬ ಹೆಂಗಸು ಕ್ಯಾಮೆರಾವನ್ನು ನೆಟ್ಟಗೆ ನೋಡುತ್ತಿದ್ದಳು.

"ದೇವೇಂದ್ರಾ" ಎಂದು ಸುಲೋಚನಮ್ಮ ಕೂಗಿದಳು. "ಅವ್ವ ಬಂದವ್ಳೆ ಕಣೋ, ನೋಡ್ಬಾ!"

ಅವನು ಬಂದು ನೆಗೆಟಿವ್ ನೋಡಿ ಏನೂ ತಿಳಿಯದೆ ನಿಂತ. ಅವನಿಗೆ ಅರ್ಥವಾಗಿದ್ದು ಪ್ರಿಂಟಿನಲ್ಲಿ. ಫಿಲ್ಮು ಪೂರ್ತಿ ಒಣಗುವುದಕ್ಕೂ ಕಾಯದೆ, ಅದೇ ದ್ರಾವಣಕ್ಕೆ ಇನ್ನಷ್ಟು ಸೋಡ ಸೇರಿಸಿ ಕಾಗದಕ್ಕೂ ಬಳಸಿದಳು. ಕೆಂಪು ದೀಪದ ಬೆಳಕಲ್ಲಿ ತಟ್ಟೆಯೊಳಗಿನ ಬಿಳಿ ಹಾಳೆಯ ಮೇಲೆ ಮೊದಲು ಮೂಗುಬೊಟ್ಟು, ಆಮೇಲೆ ಹುಬ್ಬು, ಕೆನ್ನೆಯ ಸುಕ್ಕು ಒಂದೊಂದಾಗಿ ಮೂಡಿದವು.

"ಬರ್ತಾ ಇದೆ, ಸುಲೋಚನಮ್ಮ, ಬರ್ತಾ ಇದೆ!" ಜಗದಾಂಬ ಮೇಡಂ ಚಿಕ್ಕ ಹುಡುಗಿಯ ಹಾಗೆ ಅವಳ ತೋಳು ಹಿಡಿದುಕೊಂಡರು. ಈ ಸಮೀಕರಣವನ್ನು ಎಷ್ಟು ಸಾರಿ ಬೋರ್ಡಿನ ಮೇಲೆ ಬರೆದಿದ್ದರೋ, ಅದು ಒಂದು ಮುಖವಾಗುವುದನ್ನು ಕಂಡದ್ದು ಅದೇ ಮೊದಲು. ದೇವೇಂದ್ರ ಮಾತ್ರ ಶರ್ಟಿನ ತೋಳಿನಿಂದ ಮುಖ ಒರೆಸಿಕೊಂಡು, "ಹಿಂಗೇ ಇರದು ನಮ್ಮವ್ವ" ಅಂದ.

ಒದ್ದೆ ಪ್ರಿಂಟುಗಳನ್ನು ಪೇಪರಿನ ಮಡಿಕೆಯಲ್ಲಿ ಇಟ್ಟುಕೊಂಡು ಹೊರಟರು. ದೇವೇಂದ್ರ ಠಾಣೆಗೆ, ಸುಲೋಚನಮ್ಮ ಬಸ್ ಸ್ಟ್ಯಾಂಡಿಗೆ. ಸೆರಗು ಸೊಂಟಕ್ಕೆ ಸಿಕ್ಕಿಸಿ ಅವಳು ಒಂದೊಂದೇ ಬಸ್ಸಿನ ಡ್ರೈವರು, ಕಂಡಕ್ಟರಿಗೆ ತೋರಿಸುತ್ತ ಹೋದಳು. ಹಾಸನದ ಬಸ್ಸಿನವರು ಇಲ್ಲ ಅಂದರು. ಮಂಗಳೂರಿನ ಬಸ್ಸಿನವನು ಸರಿಯಾಗಿ ನೋಡಲೂ ಇಲ್ಲ. ಕಂಬದ ನೆರಳಲ್ಲಿ ಬಿಸಿಲೆ ಊರಿಗೆ ಹೋಗುವ ಬಸ್ಸಿನ ಕಂಡಕ್ಟರ್ ಕರಿಯಪ್ಪ ಬಾಳೆಹಣ್ಣು ಸುಲಿಯುತ್ತಿದ್ದ.

"ಬೆಳಿಗ್ಗೆನೇ ಒಬ್ರು ಕೇಳಿದ್ರಮ್ಮ, ಬಿಳಿ ಕೂದ್ಲು ಹಸಿರು ಸೀರೆ ಅಂತ. ಕಂಡಿಲ್ಲ ಅಂದೆ" ಅನ್ನುತ್ತಲೇ ಫೋಟೊ ತೆಗೆದುಕೊಂಡ. ಬಾಳೆಹಣ್ಣು ಬಾಯಿಗೆ ಹೋಗುವುದು ನಿಂತಿತು. "ಅಯ್ಯಯ್ಯೋ, ಈಯಮ್ಮನಾ! ನಿನ್ನೆ ಸಾಯಂಕಾಲ ನನ್ನ ಬಸ್ಸಲ್ಲೇ ಇತ್ತಲ್ಲ! ತಲೆಗೆ ಮಫ್ಲರ್ ಸುತ್ಕೊಂಡು, ಗಂಡಸರ ಸ್ವೆಟರ್ ಹಾಕ್ಕೊಂಡಿತ್ತು. ಕೂದ್ಲೆಲ್ಲಿ ಕಾಣ್ತದೆ, ಸೀರೆ ಎಲ್ಲಿ ಕಾಣ್ತದೆ? ಎಲ್ಲಿಗಮ್ಮ ಅಂದ್ರೆ, ಬಸ್ಸು ಎಲ್ಲಿಗೆ ಹೋಗ್ತದೋ ಅಲ್ಲಿಗೆ ಅಂತು. ಸೆರಗಿನ ಗಂಟು ಬಿಚ್ಚಿ ಕಾಸು ಕೊಡ್ತು. ಬಿಸಿಲೇಲಿ ಇಳ್ದು, ನನ್ನ ಮನೀಗೇ ಬಂದೆ ಅನ್ನಂಗೆ ಸೀದಾ ನಡ್ಕೊಂಡು ಹೋಯ್ತು. ಯಾರ್ದೋ ನೆಂಟ್ರು ಅಂದ್ಕೊಂಡೆ ಕಣ್ರೀ!"

ಸುಲೋಚನಮ್ಮ ಠಾಣೆಯ ಕಡೆಗೆ ಓಡಿದಳು. ಮದುವೆಯಾಗಿ ಬಂದ ಮೇಲೆ ಪೇಟೆ ಬೀದಿಯಲ್ಲಿ ಅವಳು ಓಡಿದ್ದು ಅವತ್ತೇ. ಅರ್ಧ ಗಂಟೆಯೊಳಗೆ ದೇವೇಂದ್ರನ ಜೀಪು ಬಿಸಿಲೆಯ ದಾರಿ ಹಿಡಿಯಿತು.

ಆಮೇಲಿನ ಮಧ್ಯಾಹ್ನ ಸರಿಯಲಿಲ್ಲ. ಬಿಸಿಲೆ ಎಂದರೆ ಕಾಡಿನ ಅಂಚು. ಬಸ್ಸಿಳಿದ ಮುದುಕಿ ಕತ್ತಲಾಗುವ ಹೊತ್ತಿಗೆ ಯಾವ ಕಡೆಗೆ ನಡೆದಳೋ. ಸುಲೋಚನಮ್ಮ ತಟ್ಟೆಗಳನ್ನು ತೊಳೆದಳು. ತೊಳೆದದ್ದನ್ನೇ ಮತ್ತೊಮ್ಮೆ ತೊಳೆದಳು. ಒಳಗೆ ಹೊರಗೆ ಓಡಾಡುತ್ತಿದ್ದ ಗಂಡನಿಗೆ, "ಕೂತ್ಕಳ್ರೀ, ಕಣ್ಣಿಗೆ ಒಳ್ಳೇದಲ್ಲ" ಎಂದು ಗದರಿಸಿ ತಾನೇ ಓಡಾಡಿದಳು. ಜಗದಾಂಬ ಮೇಡಂ ಮಧ್ಯಾಹ್ನದ ನಿದ್ದೆ ಬಿಟ್ಟು ಸ್ಟುಡಿಯೋದ ಮೆಟ್ಟಿಲ ಮೇಲೆಯೇ ಪೇಪರು ಹಿಡಿದು ಕೂತಿದ್ದರು. ಹಾಳೆ ಮಗುಚಿದ್ದನ್ನು ಮಾತ್ರ ಯಾರೂ ಕಾಣಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಬೀದಿಯ ತುದಿಯಲ್ಲಿ ಜೀಪಿನ ಹಾರನ್ನು ಕೇಳಿಸಿತು. ಒಂದೇ ಸಮನೆ ಹೊಡೆಯುತ್ತಿದ್ದರು, ಮದುವೆ ದಿಬ್ಬಣದ ಹಾಗೆ. ಮುಂದಿನ ಸೀಟಿನಲ್ಲಿ, ಡ್ರೈವರಿಗೂ ದೇವೇಂದ್ರನಿಗೂ ನಡುವೆ, ಮಫ್ಲರ್ ಸುತ್ತಿದ ಪುಟ್ಟ ತಲೆಯೊಂದಿತ್ತು. ಸುಲೋಚನಮ್ಮ ಬಾಗಿಲಿಗೆ ಓಡಿ ಬಂದಳು.

"ಕುಳ್ಳಯ್ಯ ಅನ್ನೋರ ಮನೇಲಿತ್ತಕ್ಕಾ" ಎಂದು ದೇವೇಂದ್ರ ಇಳಿಯುತ್ತಲೇ ಶುರುಮಾಡಿದ. ಬೆಳಗಿನ ಅವನಿಗೂ ಇವನಿಗೂ ಸಂಬಂಧವೇ ಇಲ್ಲದಂತಿತ್ತು ಅವನ ಮುಖ. "ಸೀದಾ ಹೋಗಿ ಅವ್ರ ಜಗಲಿ ಮೇಲೆ ಕೂತ್ಬುಟ್ಟು ಮಜ್ಜಿಗೆ ಕೇಳೈತೆ. ಯಾವೂರು ಅಂದ್ರೆ ಇದೇ ಊರು ಅಂತದಂತೆ. ಗಂಡನ ಹೆಸ್ರು ಏನಜ್ಜಿ ಅಂದ್ರೆ ಸೆರಗು ಮುಚ್ಕೊಂಡು ನಗ್ತದಂತೆ. ಹೆಂಗೆ ಹುಡುಕ್ತಾರೆ ಪಾಪ ಅವ್ರಾದ್ರೂ? ಬಿಸಿನೀರು ಕಾಸಿ ಮೀಯಿಸಿ, ಉಣ್ಣಕಿಕ್ಕಿ, ಒಲೆ ಹತ್ರ ಮಲಗಿಸ್ಕೊಂಡವ್ರೆ. ನಾನು ಹೋಗೋ ಹೊತ್ಗೆ ಅವ್ರ ಮನೆ ಅವರೆಕಾಯಿ ಬಿಡಿಸ್ತಾ ಕೂತಿತ್ತು. ಅಪ್ಪನ ಹಳೇ ಸ್ವೆಟರು, ಮಫ್ಲರು ಹಾಕ್ಕೊಂಡು ಹೊರಟಿದ್ದು ನಮ್ಗೆ ಯಾರ್ಗೂ ಗೊತ್ತೇ ಇರ್ಲಿಲ್ಲ."

ದೇವೀರಮ್ಮ ಯಾರ ಕೈಯನ್ನೂ ಹಿಡಿಯದೆ ಮೆಟ್ಟಿಲು ಹತ್ತಿ ಬಂದು ಬೆಂಚಿನ ಮೇಲೆ ಕೂತಳು. ಶಾಂತಮಲ್ಲಪ್ಪನನ್ನು ಸ್ವಲ್ಪ ಹೊತ್ತು ನೋಡಿದಳು. "ಕಣ್ಣಿಗೇನಾತಪ್ಪ?" ಅಂದಳು.

"ಪೊರೆ ತೆಗೆಸ್ದೆ ಅಜ್ಜಿ."

"ತಣ್ಣೀರು ಮುಟ್ಬ್ಯಾಡ." ಆಮೇಲೆ ಮೇಜಿನ ಮೇಲಿದ್ದ ತನ್ನದೇ ಫೋಟೊ ಎತ್ತಿಕೊಂಡು ದೀಪದ ಕಡೆ ತಿರುಗಿಸಿದಳು. "ಇದ್ಯಾರವ್ವ? ನಮ್ಮವ್ವನಂಗವ್ಳೆ."

ದೇವೇಂದ್ರ ಏನೋ ಹೇಳಲು ಹೋದ. ಸುಲೋಚನಮ್ಮ ಕಣ್ಣಲ್ಲೇ ಸುಮ್ಮನಿರಿಸಿ, "ಹೂಂ ಕಣಜ್ಜಿ, ಹಂಗೇ ಅವ್ರೆ" ಅಂದಳು. ದೇವೀರಮ್ಮ ಫೋಟೊವನ್ನು ಸ್ವೆಟರಿನೊಳಗೆ ಸೇರಿಸಿಕೊಂಡು ಕಾಫಿ ಕೇಳಿದಳು. ಕುಡಿದು, ಲೋಟ ಬೋರಲು ಹಾಕಿ, ಇನ್ನು ಮನೆಗೆ ಹೋಗಬೇಕು, ದನ ಕಟ್ಟುವ ಹೊತ್ತಾಯಿತು ಅಂತ ಎದ್ದಳು. ಜೀಪು ಪಾಳ್ಯದ ಕಡೆಗೆ ತಿರುಗಿತು. ಮಂಜು ಇಳಿಯುತ್ತಿತ್ತು. ಹಿಂದಿನ ಕೆಂಪು ದೀಪ ಕಾಣುವ ತನಕ ನಾಲ್ಕು ಜನ ನೋಡುತ್ತ ನಿಂತರು. ನಾಲ್ಕನೆಯವನು ಬಸ್ ಡಿಪೋಗೆ ಹಾಕಿ ಸುದ್ದಿ ಕೇಳಲು ಬಂದಿದ್ದ ಕರಿಯಪ್ಪ. ಅವನೂ ಮನೆಯ ಕಡೆ ಹೊರಟ.

ಬೆಳಗಿನಿಂದ ತಾನು ಏನೂ ತಿಂದಿಲ್ಲ ಎಂಬುದು ಸುಲೋಚನಮ್ಮನಿಗೆ ಆಗ ನೆನಪಾಯಿತು. ಮೇಡಂ ಮೇಲೆ ಹೋಗಿ ಬಿಸಿ ಬಿಸಿ ಉಪ್ಪಿಟ್ಟು ಮಾಡಿಕೊಂಡು ಬಂದರು. ಮೂವರೂ ನೆಲದ ಮೇಲೆ ಚಾಪೆ ಹಾಸಿಕೊಂಡು ಕೂತು, ಬಾಣಲೆಯ ತಳದ ಸೀಕಲನ್ನೂ ಬಿಡದೆ ತಿಂದರು.

"ಮಿಕ್ಕಿದ ಮುದುಕ್ರ ಪ್ರಿಂಟು?" ಅಂದ ಶಾಂತಮಲ್ಲಪ್ಪ ಕೈ ತೊಳೆಯುತ್ತ.

"ನಾಳೆ ಹಾಕ್ತೀನಿ" ಅಂದಳು ಅವಳು. ಹಾಗೇ ಚಾಪೆಯ ಮೇಲೆ ಕಾಲು ಚಾಚಿ ಗೋಡೆಗೊರಗಿದಳು. ಗಂಡ ಮತ್ತೇನೋ ಕೇಳಿದ. ಮೇಡಂ ತುಟಿಯ ಮೇಲೆ ಬೆರಳಿಟ್ಟು ಅವನನ್ನು ಸುಮ್ಮನಿರಿಸಿದರು. ಅವಳಿಗೆ ಆಗಲೇ ನಿದ್ದೆ ಹತ್ತಿತ್ತು.